ತಲೆಯೊಳಗಿನ ರಾಕ್ಷಸರನ್ನು ಮರದಲ್ಲಿ ಕೆತ್ತುವುದು: ಗುಸ್ತಾವ್ ಡೋರೆಯ ಡಾನ್ ಕ್ವಿಕ್ಸೋಟ್ ಚಿತ್ರಗಳು

ಒಬ್ಬ ಬಡಕಲು ಮನುಷ್ಯ ಕುರ್ಚಿಯಲ್ಲಿ ಕುಳಿತಿದ್ದಾನೆ. ಒಂದು ಕೈಯಲ್ಲಿ ತೆರೆದ ಪುಸ್ತಕ, ಇನ್ನೊಂದು ಕೈಯಲ್ಲಿ ಮೇಲಕ್ಕೆತ್ತಿದ ಕತ್ತಿ. ಓದುತ್ತ ಓದುತ್ತ ಅವನ ಓದು ಅಬ್ಬರಕ್ಕೆ ತಿರುಗಿದೆ ಎಂಬುದು ತೆರೆದ ಬಾಯಿಯಿಂದಲೇ ಗೊತ್ತಾಗುತ್ತದೆ. ಕುರ್ಚಿಯ ಸುತ್ತ ನೆಲದ ಮೇಲೆ ದಪ್ಪ ದಪ್ಪ ಹೊತ್ತಗೆಗಳು ಬಿದ್ದಿವೆ. ಇಷ್ಟರಮಟ್ಟಿಗೆ ಇದು ಯಾವುದೋ ಮನೆಯ ಒಂದು ಕೋಣೆಯ ಚಿತ್ರ. ಆದರೆ ಅದೇ ಕೋಣೆಯಲ್ಲಿ ಈಟಿ ಹಿಡಿದ ಕುದುರೆ ಸವಾರರು, ಕಾಪಾಡೆಂದು ಮೊರೆಯಿಡುವ ಹೆಣ್ಣು, ವಿಕಾರ ರೂಪದ ಮೃಗಗಳು, ನೆಲದ ಮೇಲೊಂದು ರಾಕ್ಷಸನ ದೊಡ್ಡ ತಲೆ, ಇಲಿಗಳನ್ನೇ ಕುದುರೆ ಮಾಡಿಕೊಂಡು ಕಾದಾಡುವ ಪುಟಾಣಿ ಯೋಧರು ಕಾಲಿಡಲೂ ಜಾಗವಿಲ್ಲದಂತೆ ಕಿಕ್ಕಿರಿದಿದ್ದಾರೆ. ವೀರಯೋಧರ ಕಥೆಗಳನ್ನು ಓದಿ ಓದಿ ತಾನೂ ಅಂಥ ಯೋಧನೆಂದು ನಂಬಿ ಹೊರಟವನ ಕಥೆಯಾದ, ಸ್ಪೇನಿನ ಸರ್ವಾಂಟೆಸ್ ಬರೆದ ಡಾನ್ ಕ್ವಿಕ್ಸೋಟ್ ಕಾದಂಬರಿಗೆ ಫ್ರಾನ್ಸಿನ ಗುಸ್ತಾವ್ ಡೋರೆ ರಚಿಸಿದ ಚಿತ್ರಮಾಲೆಯ ಮೊದಲ ಚಿತ್ರ ಇದು. 1863ರಲ್ಲಿ ಪ್ಯಾರಿಸ್ಸಿನ ಆಶೆತ್ ಪ್ರಕಾಶನ ಸಂಸ್ಥೆ ಎರಡು ಭಾರೀ ಸಂಪುಟಗಳಲ್ಲಿ ಹೊರತಂದ ಆ ಆವೃತ್ತಿಯಲ್ಲಿ ಸಣ್ಣವೂ ದೊಡ್ಡವೂ ಸೇರಿ ಸುಮಾರು 370 ಚಿತ್ರಗಳಿದ್ದವು. ಆಗ ಡೋರೆಗೆ 31 ವರ್ಷ.

ಆದರ್ಶ ಮತ್ತು ವಾಸ್ತವದ ಸಂಘರ್ಷ ಎಂಬ ಮಾತು ಈ ಕಾದಂಬರಿಯ ವಿಷಯದಲ್ಲಿ ಎಷ್ಟು ಸಲ ಬಳಕೆಯಾಗಿದೆಯೆಂದರೆ ಈಗ ಅದರಿಂದ ಹೆಚ್ಚೇನೂ ಹೊಳೆಯುವುದಿಲ್ಲ. ಅದೇ ಮಾತನ್ನು ಚಿತ್ರಕಾರನ ಮೇಜಿನ ಮೇಲಿಟ್ಟು ನೋಡಿದರೆ ಮಾತ್ರ ಅದು ತೀರಾ ಪ್ರಾಯೋಗಿಕವಾದ ಒಂದು ತೊಡಕಾಗಿ ಕಾಣತೊಡಗುತ್ತದೆ. ಕಥೆಗಾರ 'ಅವನಿಗೆ ಹಾಗೆ ಅನ್ನಿಸಿತು' ಎಂದು ಬರೆದುಬಿಟ್ಟರೆ ಓದುಗನಿಗೆ ಯಾವುದು ಇದ್ದದ್ದು, ಯಾವುದು ಅನ್ನಿಸಿದ್ದು ಎಂಬ ಗೊಂದಲವಿರುವುದಿಲ್ಲ. ಚಿತ್ರದಲ್ಲಿ 'ಅನ್ನಿಸಿತು' ಎಂಬ ಕ್ರಿಯಾಪದವಿಲ್ಲ. ಅಲ್ಲಿ ಬರೆದದ್ದೆಲ್ಲ ಇದ್ದದ್ದೇ. ರಾಕ್ಷಸನನ್ನು ಬರೆದರೆ ರಾಕ್ಷಸನಿದ್ದಾನೆ, ಗಾಳಿಗಿರಣಿಯನ್ನು ಬರೆದರೆ ಗಾಳಿಗಿರಣಿಯಿದೆ. ಹಾಗಿದ್ದ ಮೇಲೆ ಗಿರಣಿಯನ್ನು ರಾಕ್ಷಸನೆಂದು ತಿಳಿದವನ ಕಥೆಗೆ ಚಿತ್ರ ಬರೆಯುವವನು ಏನನ್ನು ಬರೆಯಬೇಕು?

ಸರ್ವಾಂಟೆಸ್‌ನ ಗದ್ಯಕ್ಕೆ ಇದು ಎಷ್ಟು ಸುಲಭವಾಗಿತ್ತು ಎಂಬುದನ್ನು ಮೊದಲು ಗಮನಿಸಬೇಕು. 1605ರಲ್ಲಿ ಮ್ಯಾಡ್ರಿಡ್‌ನಲ್ಲಿ ಅಚ್ಚಾದ ಮೊದಲ ಭಾಗದ ಆರಂಭದಲ್ಲೇ ಆತ ನಾಯಕನ ಊಟದ ಲೆಕ್ಕ ಕೊಡುತ್ತಾನೆ. ಶುಕ್ರವಾರಕ್ಕೆ ಬೇಳೆ, ಭಾನುವಾರಕ್ಕೆ ಹೆಚ್ಚಿಗೆಯಾಗಿ ಒಂದು ಪಾರಿವಾಳದ ಮರಿ, ಇಷ್ಟಕ್ಕೇ ಆದಾಯದ ಮುಕ್ಕಾಲು ಪಾಲು ಖರ್ಚು. ಆಮೇಲೆ ಮುತ್ತಜ್ಜಂದಿರ ಕಾಲದ ಕವಚವನ್ನು ಮೂಲೆಯಿಂದ ತೆಗೆದು ತುಕ್ಕು ಉಜ್ಜುವ ಪ್ರಸಂಗ ಬರುತ್ತದೆ. ಶಿರಸ್ತ್ರಾಣಕ್ಕೆ ಮುಖ ಮುಚ್ಚುವ ಭಾಗವಿಲ್ಲವೆಂದು ಆತ ರಟ್ಟಿನಿಂದ ಅದನ್ನು ಮಾಡಿಕೊಳ್ಳುತ್ತಾನೆ. ಗಟ್ಟಿಯಿದೆಯೇ ಎಂದು ಪರೀಕ್ಷಿಸಲು ಕತ್ತಿಯಿಂದ ಒಂದೇಟು ಹೊಡೆದರೆ ಒಂದು ವಾರದ ಕೆಲಸ ಕ್ಷಣದಲ್ಲಿ ಚೂರಾಗುತ್ತದೆ. ಒಳಗೆ ಕಬ್ಬಿಣದ ಪಟ್ಟಿ ಕೊಟ್ಟು ಮತ್ತೆ ಮಾಡುತ್ತಾನೆ. ಈ ಸಲ ಮಾತ್ರ ಪರೀಕ್ಷಿಸುವ ಗೋಜಿಗೆ ಹೋಗದೆ, ಇದಕ್ಕಿಂತ ಉತ್ತಮವಾದದ್ದು ಇನ್ನೊಂದಿಲ್ಲ ಎಂದು ಒಪ್ಪಿಕೊಂಡುಬಿಡುತ್ತಾನೆ. ಇಡೀ ಕಾದಂಬರಿಯ ಮನಶ್ಶಾಸ್ತ್ರ ಈ ಎರಡನೆಯ ಪರೀಕ್ಷೆ ನಡೆಯದೇ ಹೋದದ್ದರಲ್ಲಿದೆ ಎನ್ನುವುದು ನನ್ನ ಅಭಿಪ್ರಾಯ. ಆತ ಪೂರ್ತಿ ಮೋಸಹೋದವನಲ್ಲ, ಎಲ್ಲಿ ನೋಡಬಾರದು ಎಂಬುದನ್ನು ಬಲ್ಲವನು. ಆದರೆ 'ಪರೀಕ್ಷಿಸಲಿಲ್ಲ' ಎಂಬುದನ್ನು ಚಿತ್ರದಲ್ಲಿ ತೋರಿಸುವುದು ಹೇಗೆ? ನಡೆಯದ ಘಟನೆಗೆ ಆಕಾರವಿಲ್ಲ.

ಇಲ್ಲಿಗೆ ಡೋರೆ ಬಳಸಿದ ಮಾಧ್ಯಮದ ಮಾತು ಬರುತ್ತದೆ, ಮತ್ತು ಈ ಲೇಖನದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದುಕೊಂಡಿರುವುದೂ ಅಲ್ಲಿಯೇ. ಇವು ಮರದ ಕೆತ್ತನೆಯ ಅಚ್ಚುಗಳು. ಹಲಗೆಯನ್ನು ಉದ್ದಕ್ಕೆ ಸೀಳಿ ಕೆತ್ತುವ ಹಳೆಯ ಪದ್ಧತಿಗೆ ಬದಲಾಗಿ, ಬಾಕ್ಸ್‌ವುಡ್ ಎಂಬ ಗಟ್ಟಿ ಮರವನ್ನು ಅಡ್ಡಕ್ಕೆ ಕೊಯ್ದು, ಎಳೆಗಳ ತುದಿ ಮೇಲೆ ಬರುವ ನುಣುಪಾದ ಮೈಯಲ್ಲಿ ಲೋಹ ಕೆತ್ತುವವರ ಚೂಪು ಉಳಿಯಿಂದ ಗೀರುವ ಪದ್ಧತಿಯನ್ನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಥಾಮಸ್ ಬ್ಯೂಯಿಕ್ ನೆಲೆಗೊಳಿಸಿದ್ದ. ಆ ಮೈಯಲ್ಲಿ ಉಳಿ ಎತ್ತ ಬೇಕಾದರೂ ಹರಿಯುತ್ತದೆ, ಕೂದಲೆಳೆಯಷ್ಟು ಸಣ್ಣ ಗೆರೆಯೂ ನಿಲ್ಲುತ್ತದೆ. ತಾಮ್ರದ ಫಲಕದ ಕೆತ್ತನೆಯಲ್ಲಿ ಶಾಯಿ ಗೀರಿನೊಳಗೆ ಕೂರುತ್ತದೆ. ಮರದ ಕೆತ್ತನೆಯಲ್ಲಿ ಹಾಗಲ್ಲ, ಉಳಿ ತೆಗೆದ ಜಾಗ ಬಿಳಿಯಾಗಿ ಉಳಿದು, ಉಳಿ ಮುಟ್ಟದೆ ಬಿಟ್ಟ ಮೈ ಕಪ್ಪಾಗಿ ಅಚ್ಚಾಗುತ್ತದೆ. ಆದ್ದರಿಂದ ಅಚ್ಚಿನ ದಿಮ್ಮಿಯನ್ನು ಅಚ್ಚುಮೊಳೆಗಳ ಎತ್ತರಕ್ಕೇ ಕೊಯ್ದು, ಅಕ್ಷರಗಳ ಪಕ್ಕದಲ್ಲೇ ಕೂರಿಸಿ, ಒಂದೇ ಸಲಕ್ಕೆ ಪುಟವನ್ನು ಮುದ್ರಿಸಬಹುದು. ಬಾಕ್ಸ್‌ವುಡ್ ನಿಧಾನವಾಗಿ ಬೆಳೆಯುವ ಮರ, ಕಾಂಡ ದಪ್ಪವಾಗುವುದಿಲ್ಲ. ಗೇಣಿಗಿಂತ ತುಸು ಎತ್ತರವಾದ ಇಂಥ ಪೂರ್ಣಪುಟದ ಚಿತ್ರಗಳಿಗೆ ಸಣ್ಣ ಸಣ್ಣ ತುಂಡುಗಳನ್ನು ಹಿಂದಿನಿಂದ ಬಿಗಿದು ಜೋಡಿಸುವುದೇ ಆ ಕಾಲದ ರೂಢಿ.

ಡೋರೆ ಸ್ವತಃ ಕೆತ್ತುತ್ತಿರಲಿಲ್ಲ. ದಿಮ್ಮಿಯ ಮೇಲೆ ನೇರವಾಗಿ ಕುಂಚದಿಂದ, ತೆಳುಗೊಳಿಸಿದ ಶಾಯಿಯನ್ನೂ ಬಿಳಿ ಬಣ್ಣವನ್ನೂ ಬಳಸಿ ನೆರಳು ಬೆಳಕಿನ ಚಿತ್ರವನ್ನು ಬರೆದುಕೊಡುತ್ತಿದ್ದ. ಅಚ್ಚಿನಲ್ಲಿ ಎಡ ಬಲ ಅದಲುಬದಲಾಗುವುದರಿಂದ ಅದನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಬರೆಯಬೇಕಿತ್ತು. ಹಾಗೆ ಬರೆದ ಚಿತ್ರದಲ್ಲಿ ಗೆರೆಗಳಿರುವುದಿಲ್ಲ, ತೊಳೆದಂಥ ಬೂದು ಛಾಯೆಗಳಿರುತ್ತವೆ. ಆ ಛಾಯೆಯನ್ನು ಗೆರೆಯಾಗಿಸುವ ಹೊಣೆ ಕೆತ್ತನೆಗಾರನದು. ಇಷ್ಟು ಬೂದಿಗೆ ಎಷ್ಟು ಒತ್ತಾದ ಗೆರೆ, ಗೆರೆ ನೇರ ಹೋಗಬೇಕೋ ಮೈಯ ಉಬ್ಬಿಗೆ ತಕ್ಕಂತೆ ಬಾಗಬೇಕೋ ಎಂಬ ಒಂದೊಂದು ತೀರ್ಮಾನವೂ ಅವನದೇ. ಡಾನ್ ಕ್ವಿಕ್ಸೋಟ್‌ಗೆ ಈ ಕೆಲಸ ಮಾಡಿದವನು ಎಲಿಯೋಡೋರ್ ಪಿಸಾಂ. ಪೂರ್ಣಪುಟದ ಚಿತ್ರಗಳ ಕೆಳ ಅಂಚಿನಲ್ಲಿ ಡೋರೆಯ ಸಹಿಯಿರುವಂತೆ ಪಿಸಾಂನ ಸಹಿಯೂ ಇರುತ್ತದೆ. ನಾವು ಮಾತ್ರ ಒಂದನ್ನೇ ನೆನಪಿಡುತ್ತೇವೆ. ಕೆತ್ತುತ್ತ ಹೋದಂತೆ ಡೋರೆ ಬರೆದ ಮೂಲಚಿತ್ರ ಉಳಿಯ ಕೆಳಗೆ ಅಳಿಸಿಹೋಗುತ್ತಿತ್ತಾದ್ದರಿಂದ ಪಿಸಾಂ ಕೆತ್ತಿದ್ದೇ ನಮಗೆ ಉಳಿದಿರುವ ಡೋರೆ.

ನಮ್ಮ ಪ್ರಶ್ನೆಗೆ ಇದೆಲ್ಲ ಏಕೆ ಮುಖ್ಯವೆಂದರೆ, ಈ ವಿಧಾನದಲ್ಲಿ ಕುರ್ಚಿಯ ಕಾಲೂ ರಾಕ್ಷಸನ ಕೆನ್ನೆಯೂ ಒಂದೇ ಉಳಿಯಿಂದ, ಒಂದೇ ಬಗೆಯ ಸಮಾನಾಂತರ ಗೆರೆಗಳಿಂದ ಹುಟ್ಟುತ್ತವೆ. ವರ್ಣಚಿತ್ರಕಾರನಾದರೆ ಕನಸಿಗೊಂದು ಬಣ್ಣ, ಎಚ್ಚರಕ್ಕೊಂದು ಬಣ್ಣ ಬಳಸಬಹುದಿತ್ತು. ಇಲ್ಲಿ ಕಪ್ಪು ಶಾಯಿ ಮತ್ತು ಬಿಳಿ ಕಾಗದ ಬಿಟ್ಟರೆ ಬೇರೇನೂ ಇಲ್ಲ. ಕಲ್ಪನೆಗೂ ವಾಸ್ತವಕ್ಕೂ ಒಂದೇ ದ್ರವ್ಯ. ಈ ಮಿತಿಯೇ ಆರಂಭದ ಚಿತ್ರಕ್ಕೆ ಬಲವಾಗಿದೆ ಎನ್ನಬೇಕು, ಏಕೆಂದರೆ ಕುರ್ಚಿಯಲ್ಲಿ ಕುಳಿತವನಿಗೂ ಅಷ್ಟೇ, ಎರಡರ ನಡುವೆ ವ್ಯತ್ಯಾಸವಿಲ್ಲ. ಕಣ್ಣೆದುರಿನ ಪುಸ್ತಕ ಎಷ್ಟು ನಿಜವೋ ಅದರೊಳಗಿಂದ ಎದ್ದುಬಂದ ಸವಾರನೂ ಅವನಿಗೆ ಅಷ್ಟೇ ನಿಜ. ಮೊಬೈಲ್ ಪರದೆಯ ಮೇಲೆ ಈ ಚಿತ್ರಗಳನ್ನು ನೋಡುವವರಿಗೆ ಗೆರೆಗಳೆಲ್ಲ ಬೆರೆತು ಬರೀ ಬೂದು ಮಬ್ಬು ಕಾಣುವುದರಿಂದ ಈ ಸಂಗತಿ ಕಣ್ತಪ್ಪಿಹೋಗುತ್ತದೆ. ಚಿತ್ರವನ್ನು ಹಿಗ್ಗಿಸಿ ಒಂದು ಮೂಲೆಯನ್ನಷ್ಟೇ ನೋಡಿದರೆ ಪಿಸಾಂನ ಕೈ ಕಾಣುತ್ತದೆ.

ಹಾಗೆಂದು ಡೋರೆ ನೋಡುವವನನ್ನು ಪೂರ್ತಿ ಕತ್ತಲಲ್ಲಿ ಬಿಟ್ಟಿಲ್ಲ. ಮನುಷ್ಯ, ಕುರ್ಚಿ, ಪುಸ್ತಕ ಮೂರೂ ಒಂದಕ್ಕೊಂದು ಅಳತೆಯಲ್ಲಿ ಹೊಂದುತ್ತವೆ. ಉಳಿದ ಯಾವುದೂ ಯಾವುದಕ್ಕೂ ಹೊಂದುವುದಿಲ್ಲ. ಒಂದೆಡೆ ತಲೆಯೊಂದೇ ಆಳಿನ ಗಾತ್ರಕ್ಕೆ ಬೆಳೆದಿದೆ, ಇನ್ನೊಂದೆಡೆ ಇಡೀ ಯೋಧ ಇಲಿಯ ಬೆನ್ನ ಮೇಲೆ ಕೂರುವಷ್ಟು ಕುಗ್ಗಿದ್ದಾನೆ. ನೆಲ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎಂದು ಹುಡುಕಿದರೆ ಸಿಗುವುದಿಲ್ಲ. ಅಂದರೆ ಕಲ್ಪನೆಯ ಗುರುತು ರೂಪದಲ್ಲಿಲ್ಲ, ಪ್ರಮಾಣದಲ್ಲಿದೆ. ಇನ್ನೊಂದು ಗುರುತು ಆ ಇಲಿಗಳೇ. ಹಳೆಯ ಮನೆಯ ಪುಸ್ತಕಗಳ ನಡುವೆ ಇಲಿ ಇರುವುದು ಸಹಜ, ಅದರ ಮೇಲೆ ಈಟಿ ಹಿಡಿದು ಕುಳಿತವನು ಮಾತ್ರ ಸಹಜನಲ್ಲ. ವಾಸ್ತವದ ಒಂದು ತುಣುಕನ್ನು ಹಿಡಿದು ಅದರ ಮೇಲೆ ಕಥೆಯನ್ನು ಹೇರುವ ಈ ಚಿಕ್ಕ ವಿವರದಲ್ಲಿ, ಕ್ಷೌರಿಕನ ಹಿತ್ತಾಳೆ ಬಟ್ಟಲನ್ನು ಮಾಂಬ್ರಿನೋ ಎಂಬ ರಾಜನ ಶಿರಸ್ತ್ರಾಣವೆಂದು ನಾಯಕ ತಿಳಿಯುವ, ಮುಂದೆಲ್ಲೋ ಬರುವ ಅಧ್ಯಾಯದ ತರ್ಕವೇ ಅಡಗಿದೆ.

ಈ ಚಿತ್ರ ನೋಡಿದವರು ಗಾಳಿಗಿರಣಿಯ ಪ್ರಸಂಗದಲ್ಲಿ ರಾಕ್ಷಸರು ಬಂದೇ ಬರುತ್ತಾರೆಂದು ನಿರೀಕ್ಷಿಸುತ್ತಾರೆ. ಡೋರೆ ಅಲ್ಲಿ ತನ್ನ ನಿಯಮವನ್ನೇ ಬದಲಿಸುತ್ತಾನೆ. ಮೊದಲ ಭಾಗದ ಎಂಟನೆಯ ಅಧ್ಯಾಯದಲ್ಲಿ ನಾಯಕ ಮೂವತ್ತು ನಲವತ್ತು ಗಿರಣಿಗಳನ್ನು ಕಂಡು ರಾಕ್ಷಸರೆನ್ನುತ್ತಾನೆ, ಅವನ ಸೇವಕ ಸ್ಯಾಂಚೋ ಅವು ಗಿರಣಿಗಳೆನ್ನುತ್ತಾನೆ. ಈಟಿ ರೆಕ್ಕೆಗೆ ಚುಚ್ಚಿಕೊಂಡು, ಗಾಳಿ ರೆಕ್ಕೆಯನ್ನು ರಭಸದಿಂದ ತಿರುಗಿಸಿ, ಈಟಿ ಮುರಿದು, ಕುದುರೆಯೂ ಸವಾರನೂ ಬಯಲಲ್ಲಿ ಉರುಳುತ್ತಾರೆ. ಡೋರೆಯ ಪುಟದಲ್ಲಿ ರಾಕ್ಷಸನ ಸುಳಿವೂ ಇಲ್ಲ. ಇರುವುದು ದೊಡ್ಡದಾಗಿ, ಹತ್ತಿರದಿಂದ ಕಾಣುವ ಒಂದು ಗಿರಣಿ ಮತ್ತು ಅದರ ರೆಕ್ಕೆಗೆ ಸಿಕ್ಕಿ ನೆಲಬಿಟ್ಟು ಮೇಲೆದ್ದ ರೊಸಿನಾಂಟೆ ಎಂಬ ಆ ಬಡ ಕುದುರೆ, ತನ್ನ ಸವಾರನ ಸಮೇತ. ಮುಂದಿನ ಕ್ಷಣದ ಇನ್ನೊಂದು ಚಿತ್ರದಲ್ಲಿ ಇಬ್ಬರೂ ನೆಲದ ಮೇಲೆ ಬಿದ್ದಿದ್ದಾರೆ, ಸ್ಯಾಂಚೋ ಹೌಹಾರಿದ್ದಾನೆ. ಮೊದಲ ಚಿತ್ರದಲ್ಲಿ ನಾವು ನಾಯಕನ ತಲೆಯೊಳಗಿದ್ದೆವು. ಇಲ್ಲಿ ಸ್ಯಾಂಚೋ ನಿಂತ ಜಾಗದಲ್ಲಿ ನಮ್ಮನ್ನೂ ನಿಲ್ಲಿಸಲಾಗಿದೆ.

ಇದು ಜಾಣ ಆಯ್ಕೆ. ಭ್ರಮೆಯನ್ನು ಒಮ್ಮೆ, ಪುಸ್ತಕದ ಬಾಗಿಲಲ್ಲೇ, ಧಾರಾಳವಾಗಿ ತೋರಿಸಿಬಿಟ್ಟ ಮೇಲೆ ಪ್ರತಿ ಪ್ರಸಂಗದಲ್ಲೂ ಅದನ್ನು ಮತ್ತೆ ತೋರಿಸಬೇಕಾದ ಅಗತ್ಯ ಬೀಳುವುದಿಲ್ಲ. ಗಿರಣಿಯನ್ನು ನೋಡುವಾಗ ಓದುಗ ತನ್ನ ನೆನಪಿನಿಂದ ರಾಕ್ಷಸನನ್ನು ತಂದುಕೊಳ್ಳುತ್ತಾನೆ. ಆದರೆ ಕಥೆಯ ಇನ್ನೊಂದು ಮುಖ್ಯ ತಿರುವು ಇಲ್ಲಿ ಚಿತ್ರದ ಕೈಗೆ ಸಿಗದೆ ಹೋಗುತ್ತದೆ. ಬಿದ್ದವನು ತಪ್ಪೊಪ್ಪಿಕೊಳ್ಳುವುದಿಲ್ಲ. ತನ್ನ ಪುಸ್ತಕಗಳನ್ನು ಕದ್ದ ಫ್ರೆಸ್ಟೋನ್ ಎಂಬ ಮಾಂತ್ರಿಕನೇ ತನಗೆ ಗೆಲುವಿನ ಕೀರ್ತಿ ಸಿಗಬಾರದೆಂದು ರಾಕ್ಷಸರನ್ನು ಗಿರಣಿಗಳನ್ನಾಗಿ ಮಾಡಿದ ಎನ್ನುತ್ತಾನೆ. ಹಾಗಾಗಿ ಗಿರಣಿ ಗಿರಣಿಯಾಗಿಯೇ ಕಂಡರೂ ಅವನ ನಂಬಿಕೆಗೆ ಧಕ್ಕೆಯಿಲ್ಲ. ಆದರ್ಶಕ್ಕೂ ವಾಸ್ತವಕ್ಕೂ ಡಿಕ್ಕಿಯಾಗಿ ಒಂದು ಸೋತಿತು ಎಂಬ ಸರಳ ಲೆಕ್ಕಾಚಾರ ಈ ಒಂದು ಮಾತಿನಿಂದ ಕೆಡುತ್ತದೆ. ಪೆಟ್ಟು ತಿಂದ ನಂಬಿಕೆ ತನಗೆ ಬೇಕಾದ ವಿವರಣೆಯನ್ನು ತಾನೇ ಹುಟ್ಟಿಸಿಕೊಂಡು ಎದ್ದು ಕೂರುತ್ತದೆ.

1615ರ ಎರಡನೆಯ ಭಾಗದಲ್ಲಿ ಇದೇ ಆಟ ತಲೆಕೆಳಗಾಗುತ್ತದೆ. ಸ್ಯಾಂಚೋ ಕತ್ತೆಗಳ ಮೇಲೆ ಬರುತ್ತಿರುವ ಮೂವರು ಹಳ್ಳಿ ಹುಡುಗಿಯರನ್ನು ತೋರಿಸಿ, ಇಗೋ ನಿಮ್ಮ ರಾಜಕುಮಾರಿ ಡಲ್ಸಿನಿಯಾ (ನಾಯಕ ಮನಸ್ಸಿನಲ್ಲೇ ಕಟ್ಟಿಕೊಂಡ ಪ್ರೇಯಸಿ) ಮತ್ತವಳ ಸಖಿಯರು ಎಂದು ಸುಳ್ಳು ಹೇಳುತ್ತಾನೆ. ಈ ಸಲ ಕನಸುಗಾರನ ಕಣ್ಣಿಗೆ ಕಾಣುವುದು ಕತ್ತೆಗಳು ಮತ್ತು ಹಳ್ಳಿ ಹುಡುಗಿಯರು ಮಾತ್ರ. ಕಂಡದ್ದನ್ನು ಕಂಡಂತೆ ಹೇಳುತ್ತಿರುವವನು ಅವನು, ಕಥೆ ಕಟ್ಟುತ್ತಿರುವವನು ಸೇವಕ. ಚಿತ್ರದಲ್ಲಿ ಈ ಅದಲುಬದಲನ್ನು ಹೇಳುವುದು ಅಸಾಧ್ಯವೇ ಸರಿ. ಗಿರಣಿಯ ಪುಟದ ನಿಯಮದಂತೆ ಇದ್ದದ್ದನ್ನು ಇದ್ದಂತೆ ಬರೆದರೆ ಸಿಗುವುದು ಮೂವರು ಹುಡುಗಿಯರು ಮತ್ತು ಮಂಡಿಯೂರಿದ ಇಬ್ಬರು ಗಂಡಸರು. ಆ ಇಬ್ಬರಲ್ಲಿ ಭ್ರಮೆ ಯಾರದು, ಬೂಟಾಟಿಕೆ ಯಾರದು ಎಂಬುದಕ್ಕೆ ಗದ್ಯವನ್ನೇ ಓದಬೇಕು.

ಡೋರೆ ವಾಸ್ತವವನ್ನು ಬರೆದ ಎಂದೆ. ಆದರೆ ಎಂಥ ವಾಸ್ತವ? ಕಥೆ ನಡೆಯುವ ಲಾ ಮಾಂಚಾ ಸ್ಪೇನಿನ ನಡುನಾಡಿನ ಒಣ ಬಯಲು ಸೀಮೆ. ಅಲ್ಲಿನ ಕಾಂಪೊ ದೆ ಕ್ರಿಪ್ತಾನಾ, ಕೊನ್ಸುಎಗ್ರಾ ಊರುಗಳ ದಿಣ್ಣೆಗಳ ಮೇಲೆ ಸುಣ್ಣ ಬಳಿದ ದುಂಡು ಗೋಡೆಯ, ಶಂಕುವಿನಾಕಾರದ ಟೋಪಿಯ ಗಾಳಿಗಿರಣಿಗಳು ಇಂದಿಗೂ ನಿಂತಿವೆ. ಸರ್ವಾಂಟೆಸ್ ಇಂಥ ನಾಡನ್ನು ಆರಿಸಿಕೊಂಡದ್ದರಲ್ಲೇ ತಮಾಷೆಯಿತ್ತು. ಸಾಹಸಗಳು ನಡೆಯುವುದಕ್ಕೆ ಅದಕ್ಕಿಂತ ಅಯೋಗ್ಯವಾದ, ಬೇಸರ ಹಿಡಿಸುವ ಜಾಗ ಇನ್ನೊಂದು ಸಿಗುವುದು ಕಷ್ಟ. ಡೋರೆ ಸ್ಪೇನನ್ನು ಕಾಣದೆ ಬರೆದವನಲ್ಲ. ಪುಸ್ತಕ ಹೊರಬರುವ ಮುನ್ನ ಶಾರ್ಲ್ ದಾವಿಲಿಯೆ ಎಂಬ ಗೆಳೆಯನೊಂದಿಗೆ ಆ ದೇಶವನ್ನು ಸುತ್ತಿಬಂದಿದ್ದ. ಆ ಪ್ರವಾಸದ ಬರಹ ಮತ್ತು ಚಿತ್ರಗಳು 1874ರಲ್ಲಿ ಗ್ರಂಥವಾಗಿಯೂ ಬಂದವು. ಆದರೂ ಅವನ ಚಿತ್ರಗಳಲ್ಲಿ ಬಯಲಿಗಿಂತ ಕಡಿದಾದ ಬಂಡೆಗಳು, ಆಳ ಕಣಿವೆಗಳು, ಬೆಳದಿಂಗಳು, ಅರ್ಧ ಪುಟವನ್ನೇ ನುಂಗುವ ಆಕಾಶ ನೆನಪಿನಲ್ಲಿ ನಿಲ್ಲುತ್ತವೆ. 1861ರಲ್ಲಿ ಇಟಲಿಯ ಕವಿ ದಾಂತೆಯ 'ನರಕ' ಕಾವ್ಯಕ್ಕೆ ಚಿತ್ರ ಬರೆದ ಕೈ ಇಲ್ಲಿಯೂ ಸುಮ್ಮನಿರಲಿಲ್ಲ. ಪಿಸಾಂನ ಉಳಿಗೂ ಇಂಥ ಆಕಾಶವೇ ಪ್ರಿಯವೆಂದು ತೋರುತ್ತದೆ, ಉದ್ದೋ ಉದ್ದ ಎಳೆದ ಸಮಾನಾಂತರ ಬಿಳಿ ಗೆರೆಗಳಿಗೆ ಅದಕ್ಕಿಂತ ಒಳ್ಳೆಯ ಹೊಲವಿಲ್ಲ.

ಪರಿಣಾಮವಾಗಿ ನಾಯಕನ ಸುತ್ತಲಿನ ಲೋಕವೇ ಅವನು ಓದಿದ ಪುಸ್ತಕಗಳ ಲೋಕದಂತಾಗಿಬಿಟ್ಟಿದೆ. ರಾಕ್ಷಸರನ್ನು ತೆಗೆದುಹಾಕಿದ ಡೋರೆ, ರಾಕ್ಷಸರಿದ್ದರೆ ಆಶ್ಚರ್ಯವಿಲ್ಲ ಎನ್ನಿಸುವ ಬೆಟ್ಟಗುಡ್ಡಗಳನ್ನು ಉಳಿಸಿದ. ಆದರ್ಶ ಆಕೃತಿಗಳಿಂದ ಹೊರಟು ಬೆಳಕಿನೊಳಕ್ಕೆ ಹೋಗಿ ಸೇರಿಕೊಂಡಿತು. ನನ್ನ ಮಟ್ಟಿಗೆ ಈ ಚಿತ್ರಮಾಲೆಯ ದೊಡ್ಡ ಸೊಗಸೂ ದೊಡ್ಡ ದೋಷವೂ ಇದೇ. ಕಾದಂಬರಿಯ ಪೆಟ್ಟುಗಳು ನೋಯಿಸುವಂಥವು, ಮತ್ತು ಅಸಹ್ಯವೂ ಹೌದು. ಕುರಿಮಂದೆಗಳನ್ನು ಸೈನ್ಯಗಳೆಂದು ತಿಳಿದು ನುಗ್ಗಿದ ಪ್ರಸಂಗದಲ್ಲಿ ಕುರುಬರ ಕವಣೆಕಲ್ಲು ತಗುಲಿ ನಾಯಕನ ಪಕ್ಕೆಲುಬು ಜಖಂ ಆಗುತ್ತದೆ, ಹಲ್ಲುಗಳು ಉದುರುತ್ತವೆ. ಎಷ್ಟು ಹಲ್ಲು ಹೋದವೆಂದು ಬಾಯಿಗೆ ಮುಖವಿಟ್ಟು ನೋಡಲು ಬಂದ ಸ್ಯಾಂಚೋನ ಮೇಲೆ ನಾಯಕ ವಾಂತಿ ಮಾಡುತ್ತಾನೆ, ಅದರ ನಾತಕ್ಕೆ ಸ್ಯಾಂಚೋ ನಾಯಕನ ಮೇಲೆ ಮಾಡುತ್ತಾನೆ. ಸರ್ವಾಂಟೆಸ್‌ಗೆ ವಾಸ್ತವ ಎಂದರೆ ಇದು. ಡೋರೆಯ ಗಂಭೀರ ಆಕಾಶದ ಕೆಳಗೆ ಇದೇ ಏಟು ವೀರನ ದುರಂತದ ಛಾಯೆ ಪಡೆದು, ನಗಬೇಕಾದಲ್ಲಿ ನೋಡುವವನು ಮರುಗುತ್ತಾನೆ.

ಈ ವಾಲುವಿಕೆ ಡೋರೆಯೊಬ್ಬನದೇ ಅಲ್ಲ. ಹದಿನೇಳು, ಹದಿನೆಂಟನೆಯ ಶತಮಾನಗಳ ಬಹುಪಾಲು ಓದುಗರಿಗೆ ಇದು ನಗೆಯ ಪುಸ್ತಕವಾಗಿತ್ತು. ಫ್ರಾನ್ಸಿನ ಶಾರ್ಲ್ ಆಂತ್ವಾನ್ ಕ್ವಾಪೆಲ್ ಚಿತ್ರವಸ್ತ್ರಗಳಿಗಾಗಿ ಬರೆದ ಸರಣಿಯಲ್ಲಿ ನಾಯಕನನ್ನು ಮನೆಯಿಂದ ಹೊರಡಿಸುವವಳು ಹೆಣ್ಣುರೂಪ ತಾಳಿದ ಹುಚ್ಚುತನ. ಅಲ್ಲಿ ಭ್ರಮೆಗೆ ಒಂದು ಸಾಂಕೇತಿಕ ಮೈ ಕೊಟ್ಟು ಕೈತೊಳೆದುಕೊಳ್ಳಲಾಗಿತ್ತು. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಜರ್ಮನಿಯ ಚಿಂತಕರ ಕೈಯಲ್ಲಿ ಪುಸ್ತಕದ ಅರ್ಥವೇ ಬದಲಾಯಿತು. 1802ರ ಸುಮಾರಿಗೆ ಕಲೆಯ ತತ್ವವನ್ನು ಕುರಿತು ನೀಡಿದ ಉಪನ್ಯಾಸಗಳಲ್ಲಿ ಶೆಲ್ಲಿಂಗ್, ವಾಸ್ತವವು ಆದರ್ಶದೊಂದಿಗೆ ನಡೆಸುವ ಹೋರಾಟವೇ ಈ ಕೃತಿಯ ವಸ್ತು ಎಂದ. 1860ರಲ್ಲಿ ರಷ್ಯಾದ ಕಾದಂಬರಿಕಾರ ತುರ್ಗೆನೆವ್ ಪೀಟರ್ಸ್‌ಬರ್ಗ್‌ನಲ್ಲಿ ಮಾಡಿದ ಉಪನ್ಯಾಸದಲ್ಲಿ ಹ್ಯಾಮ್ಲೆಟ್‌ನ ಎದುರು ಡಾನ್ ಕ್ವಿಕ್ಸೋಟನನ್ನು ನಿಲ್ಲಿಸಿ, ತನ್ನಾಚೆಗಿನ ಸತ್ಯವೊಂದಕ್ಕೆ ಬದುಕನ್ನು ತೆತ್ತವನೆಂದು ಗೌರವಿಸಿದ. ಡೋರೆ ಚಿತ್ರ ಬರೆದದ್ದು ಲೂಯಿ ವಿಯಾರ್ಡೊ ಮಾಡಿದ ಫ್ರೆಂಚ್ ಅನುವಾದಕ್ಕೆ, ಮತ್ತು ಆ ವಿಯಾರ್ಡೊ ಕುಟುಂಬಕ್ಕೆ ತುರ್ಗೆನೆವ್ ತೀರಾ ಆಪ್ತನಾಗಿದ್ದ. ಇದರಿಂದ ಡೋರೆಯ ಮೇಲೆ ತುರ್ಗೆನೆವ್‌ನ ಪ್ರಭಾವವಿತ್ತೆಂದು ಸಾಧಿಸಲಾಗದು. ಆದರೆ ಆ ಕಾಲದ ಗಾಳಿ ಎತ್ತ ಬೀಸುತ್ತಿತ್ತು ಎಂಬುದಂತೂ ತಿಳಿಯುತ್ತದೆ. ಇದೇ ಅನುವಾದ 1836 ಮತ್ತು 37ರಲ್ಲಿ ಮೊದಲು ಬಂದಾಗ ಟೋನಿ ಜೊಹಾನೊ ಅದಕ್ಕೆ ಸುಮಾರು 800 ಪುಟ್ಟ ಚಿತ್ರಗಳನ್ನು ಬರೆದಿದ್ದ. ಅಕ್ಷರಗಳ ನಡುವೆ ನುಸುಳಿಕೊಂಡು ಬರುವ ಆ ಚಿತ್ರಗಳು ಕಥೆಯ ಜೊತೆ ಹೆಜ್ಜೆಹಾಕುತ್ತವೆ. ಪೂರ್ಣಪುಟವನ್ನು ಆಕ್ರಮಿಸುವ ಡೋರೆ ಓದನ್ನೇ ನಿಲ್ಲಿಸಿ ನೋಡು ಎನ್ನುತ್ತಾನೆ.

ಹಾಗೆ ನಿಲ್ಲಿಸುವ ಚಿತ್ರಗಳಾದ್ದರಿಂದಲೇ ಅವು ಪುಸ್ತಕದಿಂದ ಬಿಡಿಸಿಕೊಂಡು ಓಡಾಡಿದವು. ಕೆತ್ತಿದ ದಿಮ್ಮಿಯ ಅಚ್ಚನ್ನು ಮೇಣದಲ್ಲಿ ತೆಗೆದು, ವಿದ್ಯುತ್ತಿನಿಂದ ಅದರ ಮೇಲೆ ತಾಮ್ರ ಕೂರಿಸಿ ನಕಲು ಫಲಕ ಮಾಡುವ ವಿದ್ಯೆ ಆಗ ಬಂದಿತ್ತು. ಅಂಥ ಫಲಕಗಳಿದ್ದರೆ ಒಂದೇ ಚಿತ್ರವನ್ನು ಬೇರೆ ದೇಶದಲ್ಲಿ, ಬೇರೆ ಭಾಷೆಯ ಪಠ್ಯದ ಜೊತೆಗೂ ಅಚ್ಚು ಹಾಕಬಹುದಿತ್ತು. ಲಂಡನ್ನಿನ ಕ್ಯಾಸೆಲ್ ಸಂಸ್ಥೆ ಇಂಗ್ಲಿಷ್ ಆವೃತ್ತಿ ತಂದಿತು. ಇಂದು ನಮ್ಮಲ್ಲಿ ಹೆಚ್ಚಿನವರು ಈ ಚಿತ್ರಗಳನ್ನು ಕಾಣುವುದು ಗುಟೆನ್‌ಬರ್ಗ್ ಯೋಜನೆಯ ಉಚಿತ ಇ-ಪುಸ್ತಕದಲ್ಲಿ. ಅಲ್ಲಿರುವ ಇಂಗ್ಲಿಷ್ ಅನುವಾದ ಜಾನ್ ಓರ್ಮ್ಸ್‌ಬಿಯದು, 1885ರದು. ಚಿತ್ರಗಳು ಅದಕ್ಕಿಂತ ಇಪ್ಪತ್ತೆರಡು ವರ್ಷ ಹಿಂದಿನವು. ಓರ್ಮ್ಸ್‌ಬಿಯ ಗದ್ಯ ಬಿಗಿಯಾದದ್ದು, ತಮಾಷೆಯನ್ನು ತಮಾಷೆಯಾಗಿಯೇ ಉಳಿಸುವಂಥದು. ಒಂದೇ ಪ್ರಸಂಗದಲ್ಲಿ ಪಠ್ಯ ನಗುತ್ತಿರುವಾಗ ಪಕ್ಕದ ಚಿತ್ರ ನಿಟ್ಟುಸಿರು ಬಿಡುವುದನ್ನು ಅಲ್ಲಿ ಪುಟ ಪುಟಕ್ಕೂ ಗಮನಿಸಬಹುದು.

ಮುಂದಿನವರು ಡೋರೆಯಿಂದ ತೆಗೆದುಕೊಂಡದ್ದು ಬೆಳಕನ್ನೂ ಅಲ್ಲ, ಕಿಕ್ಕಿರಿದ ಕೋಣೆಯನ್ನೂ ಅಲ್ಲ. ನೀಳ ಮನುಷ್ಯ ಮತ್ತು ಗಿಡ್ಡ ಮನುಷ್ಯನ ಜೋಡಿ ಆಕೃತಿಯನ್ನು. ಕ್ವಿಕ್ಸೋಟ್ ಬಡಕಲು, ಸ್ಯಾಂಚೋ ಹೊಟ್ಟೆಬಾಕ ಎಂಬುದು ಸರ್ವಾಂಟೆಸ್‌ನಲ್ಲೇ ಇದೆ, ಆದರೆ ಚೂಪುಗಡ್ಡದ ಆ ನಿಖರವಾದ ಹೊರಗೆರೆ ಜನರ ಕಣ್ಣಲ್ಲಿ ಅಚ್ಚೊತ್ತಿದ್ದು ಬಹುಮಟ್ಟಿಗೆ ಈ 370 ಚಿತ್ರಗಳಿಂದ. 1955ರಲ್ಲಿ, ಮೊದಲ ಭಾಗಕ್ಕೆ 350 ವರ್ಷ ತುಂಬಿದಾಗ, ಪಿಕಾಸೊ ಒಂದು ಫ್ರೆಂಚ್ ಪತ್ರಿಕೆಗೆ ಬರೆದುಕೊಟ್ಟ ಚಿತ್ರದಲ್ಲಿ ಕೆಲವೇ ಕಪ್ಪು ಬೀಸುಗಳಿವೆ. ಒಬ್ಬ ನೀಳ, ಒಬ್ಬ ಗಿಡ್ಡ, ಕುದುರೆ, ಕತ್ತೆ, ಮೇಲೊಂದು ಸೂರ್ಯ, ದೂರದಲ್ಲಿ ಚಿಕ್ಕಚಿಕ್ಕದಾಗಿ ಗಾಳಿಗಿರಣಿಗಳು. ಭ್ರಮೆಯನ್ನೂ ವಾಸ್ತವವನ್ನೂ ಬೇರ್ಪಡಿಸಿ ತೋರಿಸಬೇಕೆಂಬ ತೊಡಕನ್ನು ಪಿಕಾಸೊ ಎತ್ತಿಕೊಳ್ಳಲೇ ಇಲ್ಲ. ನೋಡುವವರಿಗೆ ಆ ಇಬ್ಬರ ಕಥೆ ಮೊದಲೇ ಗೊತ್ತಿರುತ್ತದೆಂಬ ಭರವಸೆ ಅವನಿಗಿತ್ತು. ಆ ಭರವಸೆಯನ್ನು ಒದಗಿಸಿಕೊಟ್ಟವರಲ್ಲಿ ಡೋರೆಯೂ ಪಿಸಾಂನೂ ಇದ್ದರು.